ಸಾವಿನ ಸರ್ಟಿಫಿಕೇಟ್ ಜೋಡಿ ಒಂದ್ ಹಾಳಿನೂ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಗ್ಯಾರಂಟಿ ಯೋಜನೆ ಬಗ್ಗೆ ನಮ್ ಕಡಿ ಮಂದಿಗಿ ಯಾರೂ ಕಲಿಸಿಕೊಡೋದು ಬ್ಯಾಡ. ಗೃಹಜ್ಯೋತಿ ಅಂತೂ 2023ರ ಆಗಸ್ಟ್ 5ಕ್ಕ ಕಲಬುರಗಿಯಾಗೇ ಚಾಲೂ ಆಗಿದ್ದು, ಗೃಹಲಕ್ಷ್ಮಿ ಎರಡ್ ಸಾವಿರ ಈ ತಿಂಗಳ ಬಂದದೋ ಇಲ್ಲೋ ಅಂತ ನಳದ ಹತ್ರ ನಿಂತ ಹೆಣ್ಮಕ್ಕಳು ಬ್ಯಾಂಕಿನವ್ರಿಗಿಂತ ಮೊದಲೇ ಹೇಳ್ತಾರ. ಆದ್ರ ಪೋಸ್ಟರ್ ಇಲ್ಲದ, ಯಾರೂ ಭಾಷಣದಾಗ ಹೇಳದ ಸಣ್ಣ ಯೋಜನೆಗಳು ಭಾಳ ಅವ. ಅವು ಯಾರಿಗಿ ಬೇಕೋ ಅವ್ರಿಗೇ ಗೊತ್ತಿರಂಗಿಲ್ಲ.

ಮನಿ ನಡೆಸೋರು ಸತ್ತ ಬಡವರ ಮನಿ ತಗೋರಿ. ಬಿಪಿಎಲ್ ಕುಟುಂಬದಾಗ ದುಡಿದು ಹಾಕೋರು 18ರಿಂದ 59 ವಯಸ್ಸಿನೊಳಗ ತೀರಿಕೊಂಡ್ರ ರಾಷ್ಟ್ರೀಯ ಕುಟುಂಬ ನೆರವಿನ ಯೋಜನ್ಯಾಗ ಒಂದೇ ಸಲಕ್ಕ 20,000 ರೂಪಾಯಿ ಅದ. ದುಡಿಯೋರು ಅಂದ್ರ ಗಂಡಸೇ ಆಗ್ಬೇಕಂತಿಲ್ಲ, ಮನಿ ನೋಡ್ಕೊಂಡಿದ್ದ ಹೆಣ್ಮಗಳು ಸತ್ರೂ ಅದು ಲೆಕ್ಕಕ್ಕ ಬರ್ತದಂತ ಆ ಯೋಜನೆ ನಿಯಮದಾಗೇ ಬರ್ದಾರ, ಇದಂತೂ ಓದಿದವ್ರಿಗೂ ಗೊತ್ತಿಲ್ಲ. ಇನ್ನ ವಿಧವಾ ವೇತನ ತಿಂಗಳಿಗಿ 800. ಗೃಹಲಕ್ಷ್ಮಿ ಬರ್ತದಲ್ಲ ಮತ್ಯಾಕ ಇದು ಅಂತ ಊರಾಗಿನ ಶಾಣ್ಯಾರು ಹೇಳ್ತಾರ, ಪಾಪ ಆ ಹೆಣ್ಮಗಳು ಅರ್ಜಿನೇ ಹಾಕಂಗಿಲ್ಲ, ಖರೇ ಅಂದ್ರ ಅದು ಬ್ಯಾರೆ ಇದು ಬ್ಯಾರೆ, ಒಂದು ಬರ್ತದಂತ ಇನ್ನೊಂದು ನಿಲ್ಲಂಗಿಲ್ಲ.

ಇದ್ಕಿಂತ ದೊಡ್ಡ ರೊಕ್ಕ ಪಾಸ್‌ಬುಕ್‌ನಾಗೇ ಮಲಗಿರ್ತದ ನೋಡ್ರಿ. ಜನಧನ್ ಖಾತೆ ತೆಗ್ಯೋವಾಗ ಇಲ್ಲಾ ಬ್ಯಾಂಕ್ ಮಿತ್ರನ ಹತ್ರ ಹೆಬ್ಬೆಟ್ಟು ಒತ್ತೋವಾಗ ಭಾಳ ಮಂದಿಗಿ ಎರಡು ವಿಮಾ ಹಚ್ಚಿರ್ತಾರ, ಜೀವನ್ ಜ್ಯೋತಿಗಿ ವರ್ಷಕ್ಕ 436, ಸುರಕ್ಷಾ ವಿಮಾಕ್ಕ ವರ್ಷಕ್ಕ 20. ಮೇ ತಿಂಗಳ ಕೊನಿಗಿ ಈ ರೊಕ್ಕ ತಾನೇ ಕಟ್ ಆಗ್ತದ, ಮಂದಿ ಬ್ಯಾಂಕಿನವ್ರು ನುಂಗಿದ್ರು ಅಂತ ಬೈಕೋತ ಸುಮ್ನಾಗ್ತಾರ. ಜೀವನ್ ಜ್ಯೋತಿ ಇದ್ದಾಂವ ಹ್ಯಾಂಗ ಸತ್ರೂ ನಾಮಿನಿಗಿ 2 ಲಕ್ಷ, ಸುರಕ್ಷಾ ಇದ್ದಾಂವ ಆಕ್ಸಿಡೆಂಟ್‌ನಾಗ ಸತ್ರ 2 ಲಕ್ಷ. ಕ್ಲೇಮ್ ಫಾರ್ಮ್ ರೊಕ್ಕ ಕಟ್ ಆದ ಬ್ಯಾಂಕಿನಾಗೇ ಕೊಡ್ಬೇಕು, 30 ದಿನದೊಳಗ ಕೊಟ್ರ ಛಲೋ. ಆದ್ರ ಆಗೋದೇನು, ಮೂರನೇ ದಿನ ಆಗ್ತದ, ಹನ್ನೊಂದನೇ ದಿನ ಆಗ್ತದ, ಖಾತ್ಯಾಗ ಉಳಿದ ಏಳ್ನೂರೋ ಎಂಟ್ನೂರೋ ತೆಗೆದು ಖಾತೆ ಬಂದ್ ಮಾಡ್ಸಿ ಬರ್ತಾರ, ಕೌಂಟರ್‌ನಾಗ ಕುಂತವ್ರೂ ಹಿಂದಿನ ಎಂಟ್ರಿ ತೆಗೆದು ನೋಡಂಗಿಲ್ಲ.

ನಮ್ದು ತೊಗರಿ ನಾಡು, ಹೊಲದಾಗ ಹಾವು ಕಡಿಯೋದು ಹೊಸದಲ್ಲ. ಸುರಕ್ಷಾ ವಿಮ್ಯಾದಾಗ ಹಾವು ಕಡ್ದು ಸತ್ರೂ ಗಿಡದ ಮ್ಯಾಲಿಂದ ಬಿದ್ದು ಸತ್ರೂ ಆಕ್ಸಿಡೆಂಟೇ. ಅದ್ಕ ಕೂಡ್ಲೇ ದವಾಖಾನಿಗಿ ಹೋಗಿದ್ದ ದಾಖಲಾತಿ ಬೇಕು. ದವಾಖಾನಿಗಿ ಒಯ್ಯದೆ ಗಾವಟಿ ಔಷಧಿ ಹಾಕಿ ಜೀವ ಹೋದ ಮ್ಯಾಲ ಅವತ್ತೇ ಮಣ್ಣು ಮಾಡಿಬಿಟ್ರ ಮುಂದ ಯಾವ ಕಾಗದ ತರ್ತೀರಿ? ಹಿಂಗಾಗಿ ಕ್ಲೇಮ್ ಕಳ್ಕೊಂಡ ಮನಿ ನಮ್ಮೂರಾಗೇ ಅವ. (ದವಾಖಾನಿಗಿ ಮೊದಲು ಹೋಗ್ರಿ ಅಂತ ನಾ ಹೇಳೋದು ವಿಮಾ ಸಲುವಾಗಲ್ಲ, ಜೀವ ಉಳೀಲಿ ಅಂತ.)

ಇನ್ನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗಿ ಕಟ್ಟಡ ಕೆಲ್ಸಕ್ಕ ಹೋದವ್ರು ಅಲ್ಲೇ ಸತ್ರ ಸಾವಿನ ನೋಂದಣಿ ಸತ್ತ ಜಾಗದಾಗೇ ಆಗ್ಬೇಕು, ಊರಿಗಿ ಹೆಣ ತಂದು ಇಲ್ಲಿ ಕೇಳಿದ್ರ ಇಲ್ಲಿಯವ್ರು ಕೊಡಂಗಿಲ್ಲ. ಮೇಸ್ತ್ರಿ ಫೋನ್ ಎತ್ತೋದು ಬಿಟ್ಟ ಮ್ಯಾಲ ಆ ಕಾಗದಕ್ಕ ಯಾರು ಓಡಾಡ್ಬೇಕು? ಕಟ್ಟಡ ಕಾರ್ಮಿಕರ ಮಂಡಳಿ ಲೇಬರ್ ಕಾರ್ಡ್ ಇತ್ತೇನು, ರಿನೀವಲ್ ಆಗಿತ್ತೇನು ಅಂತ ಕೇಳೋರೂ ಇಲ್ಲ, ಇದ್ರ ಅದ್ರಾಗೂ ಸಹಾಯಧನ ಅದ.

ಅದ್ಕ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾದ ಡಿಸಿ ಸಾಹೇಬ್ರಿಗಿ ಕೇಳೋದು ಇಷ್ಟೇ. ಯೋಜನೆ ಮಾಹಿತಿ ಅಂತ ವರ್ಷಕ್ಕೊಮ್ಮೆ ಮೇಳ ಮಾಡಿ, ಪೆಂಡಾಲ್ ಹಾಕಿ, ನಲವತ್ತು ಪುಟದ ಪುಸ್ತಕ ಹಂಚಿದ್ರ ಅದು ಯಾರ ತಲ್ಯಾಗೂ ಉಳಿಯಂಗಿಲ್ಲ, ಸಾವು ಮೇಳ ನೋಡಿ ಬರ್ತದೇನ್ರಿ? ಎಲ್ಲಾ ಮನ್ಯಾರೂ ಬಂದೇ ಬರೋ ಟೇಬಲ್ ಒಂದದ, ಅದು ಮರಣ ಪ್ರಮಾಣಪತ್ರ ಕೊಡೋ ಟೇಬಲ್. ಅಲ್ಲಿ ಆ ಪತ್ರದ ಜೋಡಿ ಒಂದೇ ಒಂದು ಹಾಳಿ ಕೊಡ್ರಿ: ಪಾಸ್‌ಬುಕ್‌ನಾಗ 436, 20 ಕಟ್ ಆಗ್ಯಾವೇನು ನೋಡ್ರಿ, ನಾಡಕಚೇರ್ಯಾಗ ಯಾವ ಯಾವ ಅರ್ಜಿ ಹಾಕ್ಬೇಕು, ರೇಷನ್ ಕಾರ್ಡಿನ ಯಜಮಾನಿ ಸತ್ತಿದ್ರ ಹೆಸರು ಹ್ಯಾಂಗ ಬದಲು ಮಾಡ್ಸ್ಬೇಕು. ಅರ್ಜಿ ಕೊಟ್ಟಾಗ ಸಕಾಲದ (ಸರ್ಕಾರಿ ಕೆಲ್ಸ ಇಂತಿಷ್ಟು ದಿನದಾಗ ಆಗ್ಬೇಕನ್ನೋ ಕಾಯ್ದೆ) ರಶೀದಿ ಕೇಳಿ ತಗೋರಿ ಅಂತನೂ ಬರೀರಿ, ಸಕಾಲದಾಗ ಇರೋ ಸೇವಾ ತಡ ಆದ್ರ ದಿನಕ್ಕ 20 ರೂಪಾಯಿ ಹಂಗ 500ರ ತನಕ ಪರಿಹಾರ ಕೇಳೋ ಹಕ್ಕು ಅದ, ಆ ರಶೀದಿ ಮ್ಯಾಲಿನ ನಂಬರಿಲ್ಲದೆ ಅದ್ಯಾವುದೂ ಆಗಂಗಿಲ್ಲ. ಕೆಲ್ಸ ಆಗ್ಲಿಲ್ಲಂದ್ರ ಸರ್ಕಾರದ ದೂರು ಸಹಾಯವಾಣಿ 1902ಕ್ಕ ಫೋನ್ ಹಚ್ರಿ ಅಂತ ಕೆಳಗ ಒಂದ್ ಸಾಲು.

ಬೀದರ್ ಕಡಿ ಮರಾಠಿ, ಎಲ್ಲಾ ಕಡಿ ಉರ್ದು, ಗುರುಮಠಕಲ್ ಕಡಿ ತೆಲುಗು, ಹಿಂಗ ಹಾಳಿ ಹಿಂದ್ಮುಂದ ಬರ್ದ್ರ ಸಾಕು. ತಾಂಡಾದಾಗ ಓದಕ್ ಬರದವ್ರ ಮನಿಗಿ ಆಶಾ ಅಕ್ಕಾರು ಹೆಂಗೂ ಹೋಗ್ತಾರ, ಓದಿ ಹೇಳ್ತಾರ, ಆದ್ರ ಅವ್ರಿಗೂ ಅದ್ಕ ನಾಕ್ ರೂಪಾಯಿ ಕೊಡ್ರಿ, ಪುಕ್ಕಟೆ ಕೆಲ್ಸ ಅವ್ರ ತಲಿಮ್ಯಾಲ ಈಗೇ ಸಾಕಷ್ಟದ.

ಮತ್ತ ಈ ಹಾಳಿ ಝೆರಾಕ್ಸ್ ಅಂಗಡ್ಯಾಗ ಐವತ್ತು ರೂಪಾಯಿಗಿ ಮಾರಾಟಕ್ಕ ಬರಬಾರ್ದು, ಅದನ್ನೂ ಈಗಲೇ ಹೇಳಿಡ್ತೀನಿ.

ಒಬ್ಬ ಓದುಗ, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ