ಭಾನುವಾರದ ತರಗತಿಗೆ ಬರುವ ಮುಂಚೆ

ಗೆಳೆಯರೇ, ಈ ಭಾನುವಾರ ಬೆಳಗ್ಗೆ 10ಕ್ಕೆ ನಮ್ಮ ಕಿರುಚಿತ್ರ ತಂಡದ ಎರಡನೇ ತರಗತಿ. ವಿಷಯ: ಶಟರ್ ವೇಗ, ಅಂದರೆ ಒಂದು ಚಿತ್ರಕ್ಕೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಎನ್ನುವುದು.

ಬರುವ ಮುಂಚೆ ಒಂದು ಹಳೆಯ ಫೋಟೊ ಹುಡುಕಿ ನೋಡಿ. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲಿ ಒಬ್ಬನಾದ ಲೂಯಿ ಡಾಗೇರ್ ಪ್ಯಾರಿಸ್‌ನ ಬುಲೆವಾರ್ ದು ತಾಂಪ್ಲ್ ರಸ್ತೆಯನ್ನು ಮೇಲಿನಿಂದ ತೆಗೆದದ್ದು. ಜನ, ಗಾಡಿ ಗಿಜಿಗುಡುವ ರಸ್ತೆ ಅದು. ಫೋಟೊದಲ್ಲಿ ಮಾತ್ರ ಖಾಲಿ! ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಲು ಆಗ ಹಲವು ನಿಮಿಷ ಬೇಕಿತ್ತು. ಓಡಾಡುತ್ತಿದ್ದವರು ಯಾರೂ ಅದರಲ್ಲಿ ಉಳಿಯಲಿಲ್ಲ. ಕೆಳಗೆ ಎಡಗಡೆ ಒಬ್ಬ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಎತ್ತಿಟ್ಟು ನಿಂತಿದ್ದನಂತೆ. ಸುಮ್ನೆ ನಿಂತಿದ್ದಕ್ಕೇ ಚರಿತ್ರೆಯಲ್ಲಿ ಉಳಿದುಬಿಟ್ಟ. ನನಗಂತೂ ಅವನನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಸಿನಿಮಾದಲ್ಲೂ ಇದೇ ಲೆಕ್ಕ. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ತೆಗೆಯುವಾಗ ಶಟರ್ ಸಾಮಾನ್ಯವಾಗಿ 1/48 ಅಥವಾ 1/50 ಸೆಕೆಂಡು ಇಡುತ್ತಾರೆ. ಬೀಸಿದ ಕೈ ಆಗ ಸ್ವಲ್ಪ ಮಸುಕಾಗುತ್ತದೆ. ಆ ಮಸುಕೇ ಕಣ್ಣಿಗೆ ಹಿತ. 1/1000 ಇಟ್ಟು ನೋಡಿ, ನಡಿಗೆ ತುಂಡು ತುಂಡಾಗಿ ಕಾಣುತ್ತದೆ. ಇನ್ನೊಂದು ಮಾತು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಒಳಾಂಗಣದಲ್ಲಿ 1/50 ಅಥವಾ 1/100 ಇಟ್ಟರೆ ಆ ಮಿನುಗಿನಿಂದ ಚಿತ್ರದಲ್ಲಿ ಪಟ್ಟೆ ಬರುವ ಕಾಟ ಇರುವುದಿಲ್ಲ.

ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ (ಶಟರ್ ವೇಗವನ್ನು ನಾವೇ ಇಡಬಹುದಾದ ಆಯ್ಕೆ) ಸಂಜೆ ಹೊತ್ತು ನಿಮ್ಮ ಬೀದಿಯ ಎರಡು ಫೋಟೊ ತೆಗೆದು ತನ್ನಿ. ಒಂದು 1/500ರಲ್ಲಿ, ಇನ್ನೊಂದು 2 ಸೆಕೆಂಡಿನಲ್ಲಿ. ಎರಡನೆಯದಕ್ಕೆ ಮೊಬೈಲನ್ನು ಗೋಡೆಗೋ ಕಾಂಪೌಂಡಿಗೋ ಒರಗಿಸಿಡಿ. ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿದರೆ ತರಗತಿಯಲ್ಲಿ ಎಲ್ಲರೂ ಕೂತು ನೋಡೋಣ.