ತೋಟಕ್ಕೆ ಮುಂಗಡ ಮುಟ್ಟಬೇಡಿ

ಲೀಡ್ಸ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಅಲ್ಲಿ ನೀವು, ಅಮ್ಮ, ಅಜ್ಜಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ಮೊನ್ನೆ ತಲುಪಿತು. ಶಂಕರಣ್ಣನ ಮೊಬೈಲಿನಲ್ಲಿ ಫೋಟೊ ನೋಡಿ, ನಾನು ಮನೆ ಕಳೆದುಕೊಂಡು ಹೆಂಡತಿ ಮಗುವಿನೊಡನೆ ಚಕ್ರದ ಗಾಡಿಯಲ್ಲಿ ಸಂಸಾರ ಹೂಡಿದ್ದೇನೆಂದು ನೀವು ತಿಳಿದಿದ್ದೀರಿ. ಕೆರೆಯ ಕೆಳಗಿನ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವನ್ನು ಕೇಳಿದವರಿಗೆ ಕೊಟ್ಟು ಹಣ ಕಳಿಸಲೇ ಎಂದೂ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ದಯವಿಟ್ಟು ಯಾರಿಗೂ ಮಾತು ಕೊಡಬೇಡಿ, ಮುಂಗಡ ಮುಟ್ಟಬೇಡಿ. ನಮ್ಮ ಬಾಡಿಗೆ ಮನೆ ಹಾಗೆಯೇ ಇದೆ, ಕೆಲಸ ಹಾಗೆಯೇ ಇದೆ, ಒಂದು ಪೌಂಡ್ ಸಾಲವೂ ಇಲ್ಲ. ಫೋನಿನಲ್ಲಿ ಹೇಳಿದರೆ ನೀವು ‘ಆಯ್ತು ಬಿಡಪ್ಪ’ ಎಂದು ಒಳಗೊಳಗೇ ಕೊರಗುತ್ತೀರಿ. ಅದಕ್ಕೇ ಲೆಕ್ಕಸಮೇತ ಬರೆಯುತ್ತಿದ್ದೇನೆ.

ಅದು ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ತಾತ ಕಮಾನು ಗಾಡಿ ಕಟ್ಟಿಕೊಂಡು ಹೋಗಿ, ಅಲ್ಲೇ ಒಲೆ ಹೂಡಿ, ಅಲ್ಲೇ ಮಲಗಿ ಬರುತ್ತಿದ್ದರಲ್ಲ, ಇಲ್ಲಿಯವರು ಎತ್ತಿನ ಬದಲು ಕಾರು ಹೂಡುತ್ತಾರೆ, ಅಷ್ಟೇ. ಮೂರು ಕೋಣೆಯ ಸ್ವಂತ ಮನೆಯಿರುವವರೂ ಬೇಸಿಗೆ ರಜೆಯಲ್ಲಿ ದುಡ್ಡು ಕೊಟ್ಟು ಹುಲ್ಲುಗಾವಲಿನಲ್ಲಿ ಮಲಗುತ್ತಾರೆ. ಬೆಳಿಗ್ಗೆ ಕೋಟು ಟೋಪಿ ಹಾಕಿಕೊಂಡು ತಮ್ಮ ಪಾಯಿಖಾನೆಯ ಡಬ್ಬವನ್ನು ತಾವೇ ಹೊತ್ತೊಯ್ದು ಖಾಲಿ ಮಾಡಿ ಬರುತ್ತಾರೆ. ಇದನ್ನು ಅಜ್ಜಿಗೆ ಹೇಳಬೇಡಿ. ರಜೆಯಲ್ಲಿ ಹೋಟೆಲಿಗೆ ತೆರುವ ಹಣ ಉಳಿಯಲೆಂದು ನಾವೂ ಇಪ್ಪತ್ತು ವರ್ಷ ಹಳೆಯದೊಂದನ್ನು ಕೂಡಿಟ್ಟ ಹಣದಲ್ಲಿ ಕೊಂಡೆವು, ಒಳಗನ್ನು ನಮ್ಮ ಕೈಯಿಂದಲೇ ಹೊಸದು ಮಾಡಿದೆವು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಗಾಡಿಯ ಗೋಡೆ ಇಟ್ಟಿಗೆ ಗಾರೆಯದಲ್ಲ. ಹೊರಗೆ ತೆಳ್ಳನೆಯ ಅಲ್ಯೂಮಿನಿಯಂ ತಗಡು, ಒಳಗೆ ಮರದ ರೀಪುಗಳ ಚೌಕಟ್ಟು, ನಡುವೆ ಥರ್ಮಾಕೋಲು, ಒಳಮೈಗೆ 3 ಮಿಲಿಮೀಟರ್ ಪ್ಲೈವುಡ್. ತಗಡು ಕೂಡುವ ಮೂಲೆಗಳಲ್ಲಿ ತುಂಬಿದ ಅಂಟು ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ, ಮಳೆನೀರು ಸದ್ದಿಲ್ಲದೆ ರೀಪಿಗೆ ಇಳಿಯುತ್ತದೆ. ಮಾರಿದಾತ ಒಂದು ಹನಿಯೂ ಸೋರುವುದಿಲ್ಲವೆಂದಿದ್ದ. ಅದನ್ನು ನಂಬಿ ಮೊದಲ ವಾರವೇ ಅಂದವಾದ ಹೂವಿನ ಕಾಗದ ಅಂಟಿಸಿಬಿಟ್ಟೆ. ಮೂರನೆಯ ವಾರಕ್ಕೆ ಹಾಸಿಗೆಯ ಪಕ್ಕದ ಮೂಲೆಯಲ್ಲಿ ಕಾಗದ ಉಬ್ಬಿತು. ಹೆಬ್ಬೆರಳಿನಿಂದ ಒತ್ತಿದರೆ ಹಲಗೆ ಟೀಯಲ್ಲಿ ಅದ್ದಿದ ರಸ್ಕಿನಂತೆ ಒಳಕ್ಕೆ ಹೋಯಿತು. ರೇಷ್ಮೆ ಹುಳುಮನೆಯಲ್ಲಿ ಥಂಡಿ ಹೆಚ್ಚಿ ಗಾಳಿ ನಿಂತರೆ ಹುಳುಗಳಿಗೆ ಸುಣ್ಣಕಟ್ಟು ರೋಗ ಬರುತ್ತದೆಂದು ನೀವು ಹೇಳುವುದನ್ನು ಕೇಳುತ್ತಲೇ ಬೆಳೆದವನು ಥಂಡಿಯ ಮೇಲೆ ಹೂವು ಅಂಟಿಸಿದ್ದೆ!

ಆಮೇಲೆ ತೇವ ಅಳೆಯುವ ಸಣ್ಣ ಯಂತ್ರ ತಂದೆ. ಅದರ ಎರಡು ಮುಳ್ಳುಗಳನ್ನು ಗೋಡೆಗೆ ಚುಚ್ಚಿದಾಗ ಶೇಕಡಾ 15ರೊಳಗೆ ತೋರಿಸಿದರೆ ಚಿಂತೆಯಿಲ್ಲ, 20 ದಾಟಿದರೆ ಒಳಗೆ ನೀರಿದೆಯೆಂದು ಅರ್ಥ. ನಮ್ಮ ಮೂಲೆ 38 ತೋರಿಸಿತು. ಹಲಗೆ ಕಿತ್ತು, ಹತ್ತು ದಿನ ಹೀಟರ್ ಮತ್ತು ಫ್ಯಾನ್ ಇಟ್ಟು ಒಣಗಿಸಿ, ಕೊಳೆತ ಎರಡು ರೀಪು ಬದಲಿಸಿ, ಹೊರಗಿನ ಪಟ್ಟಿ ಬಿಚ್ಚಿ ಹಳೆಯ ಅಂಟು ಕೆರೆದು ಹೊಸದು ತುಂಬಿದೆ. ಈಗ ಪ್ರತಿ ಭಾನುವಾರ ಅಳೆದು ಬರೆದಿಡುತ್ತೇನೆ. ಮೊನ್ನೆ 13 ಇತ್ತು.

ಬಣ್ಣದ ಕೆಲಸ ಸುಲಭ. ಹಳೆಯ ಜಿಡ್ಡು ತೊಳೆದು, ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ನುಣುಪಾದ ಮೈಗೆ ಹಿಡಿಯುವ ಪ್ರೈಮರ್ ಹೊಡೆದ ಮೇಲೆ ಎರಡು ಕೋಟ್ ಬಣ್ಣ; ಪ್ರೈಮರ್ ಬಿಟ್ಟರೆ ಉಗುರು ತಾಗಿದಲ್ಲೆಲ್ಲ ಸಿಪ್ಪೆ ಏಳುತ್ತದೆ. ಕಿಟಕಿಗಳು ಗಾಜಲ್ಲ, ಪ್ಲಾಸ್ಟಿಕ್. ಥಿನ್ನರ್ ಬಿದ್ದರೆ ಮೈಯೆಲ್ಲ ಬಿರುಕು, ಆದ್ದರಿಂದ ಸೋಪಿನ ನೀರೇ ಗತಿ. ಗಾಡಿ ಹೊರಬಹುದಾದ ತೂಕಕ್ಕೆ ಮಿತಿಯಿರುವುದರಿಂದ ಟೈಲ್ಸ್ ಬಿಟ್ಟು, ಅಂಗಡಿಯಲ್ಲಿ ಉಳಿದ ವಿನೈಲ್ ತುಂಡನ್ನು ನೆಲಕ್ಕೆ ಹಾಸಿದೆವು. ಅಮ್ಮ ಕಳಿಸಿದ್ದ ಹಳದಿ ಚೌಕಳಿ ದುಪ್ಪಟಿ ಕಿಟಕಿ ಪರದೆಯಾಗಿದೆ. ಅಮ್ಮನಿಗೆ ಓದಿ ಹೇಳುವಾಗ ಈ ಸಾಲನ್ನು ದಾಟಿಸಿಬಿಡಿ.

ಮಗುವಿನ ಬಗ್ಗೆ ಕೇಳಿದ್ದೀರಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಅದು ಹೊರಹೋಗಲೆಂದೇ ಗಾಡಿಯ ನೆಲದಲ್ಲಿ ರಂಧ್ರಗಳಿವೆ. ಚಳಿ ಬರುತ್ತದೆ ಮುಚ್ಚಿಬಿಡು ಎಂದು ಪಕ್ಕದವರೊಬ್ಬರು ಹೇಳಿದರು, ನಾನು ಮುಚ್ಚಲಿಲ್ಲ. ಪರವಾನಗಿ ಇರುವವರಿಂದ ಒಲೆ, ಪೈಪು ಪರೀಕ್ಷೆ ಮಾಡಿಸಿ, ವಿಷಾನಿಲ ಬಂದರೆ ಕೂಗುವ ಅಲಾರಂ ಹಾಕಿಸಿದ್ದೇನೆ. ಇಲ್ಲಿ 1988ರಿಂದ ಸೋಫಾ ಬಟ್ಟೆ, ಫೋಮು ಬೆಂಕಿ ತಡೆಯುವಂಥವೇ ಆಗಿರಬೇಕೆಂಬ ನಿಯಮವಿದೆ. ದುಬಾರಿಯಾದರೂ ಅಂಥದ್ದನ್ನೇ ತಂದು ನಿಮ್ಮ ಸೊಸೆ ಮೆತ್ತೆಗಳಿಗೆ ಗವಸು ಹೊಲಿದಳು.

ಈಗ ಲೆಕ್ಕ. ಮರ, ಪ್ಲೈವುಡ್, ಅಂಟಿಗೆ 96 ಪೌಂಡ್, ಬಣ್ಣಕ್ಕೆ 62, ನೆಲಕ್ಕೆ 25, ಮೆತ್ತೆಗೆ 140, ಅನಿಲದ ಪರೀಕ್ಷೆಗೆ 85, ಚಿಲ್ಲರೆ ಸಾಮಾನಿಗೆ 42, ಒಟ್ಟು 450. ನಾನು ಅಂದುಕೊಂಡಿದ್ದು 400. ಹೆಚ್ಚಾದ ಐವತ್ತು ಆ ಹೂವಿನ ಕಾಗದದ ದಂಡವೆಂದು ತಿಳಿಯಿರಿ. ರೂಪಾಯಿಗೆ ಗುಣಿಸಿ ಗಾಬರಿಯಾಗಬೇಡಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ನಿಮ್ಮ ಮಾತನ್ನಂತೂ ಅಕ್ಷರಶಃ ಪಾಲಿಸುತ್ತಿದ್ದೇನೆ, ಏಕೆಂದರೆ ಆ ಹಾಸಿಗೆ ಆರಡಿಗೆ ಎರಡು ಇಂಚು ಕಡಿಮೆ.

ನಾವು ನಿಜವಾಗಿಯೂ ಚೆನ್ನಾಗಿದ್ದೇವೆ, ಬಹಳ ಚೆನ್ನಾಗಿದ್ದೇವೆ, ಶಂಕರಣ್ಣನಿಗೂ ಹಾಗೆಯೇ ಹೇಳಿ. ಹೊರಗೆ ಮಳೆ ಶುರುವಾಯಿತು, ಗಾಡಿಯ ಚಾವಣಿಯ ಕಿಟಕಿ ತೆರೆದೇ ಬಂದಿದ್ದೇನೆ, ಓಡಬೇಕು. ಪತ್ರ ಮುಟ್ಟಿದ ದಿನವೇ ಫೋನ್ ಮಾಡಿ, ತೋಟ ಕೊಟ್ಟಿಲ್ಲ ಎಂದು ಒಂದು ಮಾತು ಹೇಳಿ.

ಇತಿ ನಿಮ್ಮ ಮಗ,
ಮಂಜುನಾಥ