ನಗೋಯಾಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ರಾಘು,

ಮುಂದಿನ ತಿಂಗಳು ಜಪಾನಿನ ನಗೋಯಾದಲ್ಲಿ ಗಿರಾಕಿ ಕಂಪನಿಯವರ ಜೊತೆ ಮೊದಲ ಮೀಟಿಂಗ್ ಎಂದು ಬರೆದಿದ್ದೀಯ. ಬಿಡದಿಗೆ ಟೊಯೋಟಾ ಬಂದು ಕಾಲು ಶತಮಾನ ದಾಟಿತು. ಆ ಕಡೆ ಬಿಡಿಭಾಗ ಮಾಡುವ ನಿಮಗೆಲ್ಲ ಕೈಜೆನ್ (ನಿರಂತರ ಸುಧಾರಣೆ), ಕಾನ್‌ಬಾನ್ (ಬೇಕಾದಾಗಷ್ಟೇ ಸರಕು ತರಿಸುವ ಚೀಟಿಯ ಪದ್ಧತಿ) ಬಾಯಿಪಾಠವಾಗಿರುತ್ತದೆ. ಆದರೆ ಶಾಪ್ ಫ್ಲೋರಿನಲ್ಲಿ ಕಲಿತದ್ದು ಮೀಟಿಂಗ್ ರೂಮಿಗೆ ಸಾಲದು. ಅಲ್ಲಿ ತೀರ್ಮಾನಗಳು ಮೀಟಿಂಗಿಗೆ ಮುಂಚೆಯೇ ಆಗಿರುತ್ತವೆ. ಇದೊಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಮ್ಮ ನಿಶ್ಚಿತಾರ್ಥ ನೆನಪಿಸಿಕೋ. ತಾಂಬೂಲ ಬದಲಿಸುವ ಹೊತ್ತಿಗೆ ಮಾತುಕತೆಯೆಲ್ಲ ಮುಗಿದಿರುತ್ತದೆ; ಆ ದಿನ ಯಾರಾದರೂ ಹೊಸ ಬೇಡಿಕೆ ಇಟ್ಟರೆ ಎರಡೂ ಕಡೆಯವರ ಮುಖ ಕಪ್ಪಿಡುತ್ತದೆ. ಜಪಾನೀಯರು ಇದನ್ನು ‘ನೆಮಾವಾಶಿ’ ಎನ್ನುತ್ತಾರೆ. ಅದು ತೋಟಗಾರರ ಮಾತು. ದೊಡ್ಡ ಮರವನ್ನು ಒಂದೇ ಸಲಕ್ಕೆ ಕಿತ್ತು ನೆಟ್ಟರೆ ಒಣಗುತ್ತದೆ; ಅದಕ್ಕೇ ಬಹಳ ಮೊದಲೇ ಬುಡದ ಸುತ್ತ ಅಗೆದು, ದಪ್ಪ ಬೇರು ಕತ್ತರಿಸಿ, ಹೊಸ ಎಳೆಬೇರು ಬರುವವರೆಗೆ ಕಾಯುತ್ತಾರೆ.

ನೀನು ಮಾಡಬೇಕಾದ್ದು ಇಷ್ಟು. ಎರಡು ವಾರ ಮೊದಲೇ ಅಜೆಂಡಾ, ಸ್ಲೈಡು, ರೇಟಿನ ವಿವರವನ್ನು ಜಪಾನೀ ಅನುವಾದದ ಜೊತೆ ಅಲ್ಲಿನ ‘ತಾಂತೋಶಾ’ಗೆ, ಅಂದರೆ ನಿನ್ನ ಕೆಲಸ ನೋಡಿಕೊಳ್ಳುವವರಿಗೆ ಕಳಿಸು. ಯಾರು ಯಾರು ಬರುತ್ತಾರೆ, ಅವರ ಹುದ್ದೆ ಏನು ಎಂದು ಕೇಳಿ ಪಟ್ಟಿ ತರಿಸಿಕೋ. ತಾಂತೋಶಾ ನಿನ್ನ ಕಾಗದವನ್ನು ಮೊದಲು ‘ಕಾಚೋ’ಗೆ (ಸೆಕ್ಷನ್ ಮುಖ್ಯಸ್ಥ), ಆಮೇಲೆ ‘ಬುಚೋ’ಗೆ (ವಿಭಾಗದ ಮುಖ್ಯಸ್ಥ), ಜೊತೆಗೆ ಕ್ವಾಲಿಟಿ ಮತ್ತು ಖರೀದಿಯವರಿಗೆ ತೋರಿಸುತ್ತಾರೆ. ಕೊನೆಗೆ ‘ರಿಂಗಿಶೋ’ ಎಂಬ ಪ್ರಸ್ತಾವ ಪತ್ರ ಒಬ್ಬೊಬ್ಬರ ಒಪ್ಪಿಗೆ ಮುದ್ರೆ ಪಡೆಯುತ್ತಾ ಮೇಲೇರುತ್ತದೆ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಅವಸರಪಡಿಸಬೇಡ. ಮೀಟಿಂಗಿನ ನಡುವೆ ‘ಇನ್ನೂ ಎರಡು ಪರ್ಸೆಂಟ್ ಇಳಿಸುತ್ತೇವೆ’ ಎಂದು ದಿಢೀರನೆ ಹೇಳಿದರೆ ಖುಷಿಪಡುತ್ತಾರೆ ಎಂದುಕೊಳ್ಳಬೇಡ. ಮೇಲಿನವರ ಎದುರು ತಾಂತೋಶಾ ಸಿಕ್ಕಿಬೀಳುತ್ತಾರೆ: ಇದು ನಿಮಗೆ ಮೊದಲೇ ಏಕೆ ಗೊತ್ತಿರಲಿಲ್ಲ ಎಂದು. ರೇಟು ಬದಲಾಗಿದ್ದರೆ ಹಿಂದಿನ ದಿನವೇ ಅವರಿಗೊಂದು ಫೋನ್ ಮಾಡು.

ಇನ್ನು ವಿಸಿಟಿಂಗ್ ಕಾರ್ಡ್, ಅವರ ‘ಮೇಯ್ಶಿ’. ಅಲ್ಲಿನ ಅಳತೆ 91 ಮಿ.ಮೀ. ಉದ್ದ, 55 ಮಿ.ಮೀ. ಅಗಲ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಜಪಾನೀ. ಹೆಸರು ಕಟಕಾನದಲ್ಲಿರಲಿ, ಅಂದರೆ ಹೊರದೇಶದ ಹೆಸರು ಬರೆಯಲು ಅವರು ಬಳಸುವ ಲಿಪಿಯಲ್ಲಿ. ನಮ್ಮ ಇನಿಶಿಯಲ್ಲುಗಳಲ್ಲಿ ಊರು ಯಾವುದು, ತಂದೆಯ ಹೆಸರು ಯಾವುದು ಎಂದು ಅವರಿಗೆ ತಿಳಿಯುವುದಿಲ್ಲ. ಕರೆಯಬೇಕಾದ ಒಂದೇ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿಸು. ಕನಿಷ್ಠ ಐವತ್ತು ಕಾರ್ಡ್ ಒಯ್ಯಿ, ಅದಕ್ಕೊಂದು ಚರ್ಮದ ಪೆಟ್ಟಿಗೆಯೂ ಇರಲಿ.

ಕೊಡುವಾಗ ಎದ್ದು ನಿಲ್ಲು. ಮೇಜಿನ ಮೇಲಿಂದ ಕೈ ಚಾಚಬೇಡ, ಸುತ್ತಿಕೊಂಡು ಹೋಗಿ ಎದುರು ನಿಲ್ಲು. ಎರಡೂ ಕಡೆಯ ಹಿರಿಯರು ಮೊದಲು ಬದಲಿಸಿಕೊಳ್ಳುತ್ತಾರೆ, ಆಮೇಲೆ ಹುದ್ದೆಯ ಕ್ರಮದಲ್ಲಿ ಉಳಿದವರು. ಮಾರಲು ಬಂದವರು ನೀವಾದ್ದರಿಂದ ಮೊದಲು ಕೊಡುವವರೂ ನೀವೇ. ಅಕ್ಷರ ಅವರಿಗೆ ನೇರ ಕಾಣುವಂತೆ ಎರಡೂ ಕೈಯಲ್ಲಿ ಹಿಡಿದು, ಅವರ ಕಾರ್ಡಿಗಿಂತ ತುಸು ಕೆಳಗೆ, ಕಂಪನಿಯ ಹೆಸರು ಮತ್ತು ನಿನ್ನ ಹೆಸರು ಹೇಳುತ್ತಾ ಕೊಡು. ಬೆನ್ನು ಬಾಗದಂತೆ ಸೊಂಟದಿಂದ ಸುಮಾರು 30 ಡಿಗ್ರಿ ಬಾಗಿದರೆ ಸಾಕು. ತೆಗೆದುಕೊಂಡದ್ದನ್ನು ಓದು. ಕೂತ ಮೇಲೆ ಅತಿ ಹಿರಿಯರ ಕಾರ್ಡನ್ನು ಪೆಟ್ಟಿಗೆಯ ಮೇಲಿಟ್ಟು, ಉಳಿದವನ್ನು ಎದುರಿಗೆ ಕೂತ ಸಾಲಿನಂತೆಯೇ ಮೇಜಿನ ಮೇಲೆ ಜೋಡಿಸು. ಹೆಸರು ತಪ್ಪದಿರಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅದರ ಮೇಲೆ ಅವರೆದುರು ಏನೂ ಬರೆಯಬೇಡ, ಪ್ಯಾಂಟಿನ ಹಿಂದಿನ ಜೇಬಿಗಂತೂ ಬೇಡವೇ ಬೇಡ.

ಬಾಗಿಲಿಂದ ಅತಿ ದೂರದ ಜಾಗ ಹಿರಿಯರದು, ‘ಕಾಮಿಜಾ’. ತೋರಿಸಿದ ಕಡೆ ಕೂರು. ಟ್ಯಾಕ್ಸಿಯಲ್ಲಿ ಡ್ರೈವರ್ ಹಿಂದಿನ ಸೀಟು ಹಿರಿಯರಿಗೆ, ಡ್ರೈವರ್ ಪಕ್ಕದ ಮುಂದಿನ ಸೀಟು ಎಲ್ಲರಿಗಿಂತ ಕಿರಿಯರಿಗೆ.

ಮಾತಿನಲ್ಲಿ ನಮ್ಮವರು ಎಡವುವುದೇ ಹೆಚ್ಚು. ಅವರ ‘ಹಾಯ್’ ಎಂಬುದಕ್ಕೆ ನಿಘಂಟಿನ ಅರ್ಥ ಹೌದು. ಮಾತಿನ ನಡುವೆ ಬಂದಾಗ ಅದು ಕತೆ ಕೇಳುವವರ ‘ಹೂಂ’, ಹೂಂಗುಟ್ಟುವುದು ಅಷ್ಟೇ. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡ. ‘ಮುಜುಕಾಶೀ’ (ಕಷ್ಟ) ಎಂದರೆ ಹೆಚ್ಚುಕಡಿಮೆ ಇಲ್ಲ ಎಂದೇ. ‘ಕೆಂತೋ ಶಿಮಾಸು’ (ಪರಿಶೀಲಿಸುತ್ತೇವೆ) ಕೂಡ ಎಷ್ಟೋ ಸಲ ಹಾಗೆಯೇ. ಹೌದೋ ಅಲ್ಲವೋ ಎಂದು ಅಲ್ಲೇ ಪಟ್ಟು ಹಿಡಿಯಬೇಡ. ಯಾವ ಭಾಗ ಕಷ್ಟ ಎಂದು ಆಮೇಲೆ ತಾಂತೋಶಾರನ್ನು ಬೇರೆಯಾಗಿ ಕೇಳು. ಅವರು ಸುಮ್ಮನಾದರೆ ನೀನೂ ಸುಮ್ಮನಿರು. ಮೌನ ತುಂಬಲು ಹೋಗಿ ರೇಟು ಇಳಿಸಿದವರು ಬಹಳ. ನಮ್ಮ ‘ಆಗುತ್ತೆ ಸಾರ್, ಮಾಡೋಣ’ ಅಲ್ಲಿ ಕೊಟ್ಟ ಮಾತಾಗುತ್ತದೆ. ಖಚಿತವಿಲ್ಲದಿದ್ದರೆ ‘ಶುಕ್ರವಾರ ಸಂಜೆ ಐದರೊಳಗೆ ತಿಳಿಸುತ್ತೇನೆ’ ಎನ್ನು, ತಿಳಿಸು. ತಡವಾಗುವುದಿದ್ದರೆ ಗಡುವಿಗೆ ಮುಂಚೆಯೇ ಹೇಳಬೇಕು; ಮುಗಿದ ಮೇಲೆ ಕೊಟ್ಟ ಕಾರಣ ಎಷ್ಟೇ ಸರಿಯಿದ್ದರೂ ಹೆಸರು ಕೆಡುತ್ತದೆ. ಇನ್ನೊಂದು: ಅವರ ಹೆಸರಿಗೆ ನಮ್ಮ ‘ಅವರು’ ಇದ್ದಂತೆ ‘ಸಾನ್’ ಸೇರಿಸು, ನಿಮ್ಮ ಎಂ.ಡಿ. ಹೆಸರಿಗೆ ಅವರೆದುರು ಸೇರಿಸಬೇಡ. ಹೊರಗಿನವರ ಮುಂದೆ ತಮ್ಮವರನ್ನು ತಗ್ಗಿಸಿ ಹೇಳುವುದೇ ಅಲ್ಲಿಯ ಮರ್ಯಾದೆ.

ಊಟದ್ದು ನಿನಗೆ ದೊಡ್ಡ ಚಿಂತೆ, ಗೊತ್ತು. ಸಸ್ಯಾಹಾರಿ ಎಂದರೆ ಮೀನು ಆಗಬಹುದು ಎಂದುಕೊಳ್ಳುವವರಿದ್ದಾರೆ. ಹುದುಗಿಸಿದ ಸೋಯಾದ ಮೀಸೊ ಸಾರು, ಸೋಬಾ ನೂಡಲ್ಸಿನ ರಸ, ಬೇಯಿಸಿದ ತರಕಾರಿ, ಎಲ್ಲದರ ತಳದಲ್ಲೂ ಬಹುಮಟ್ಟಿಗೆ ಒಣಮೀನಿನ ‘ದಾಶಿ’ (ಕುದಿಸಿ ತೆಗೆದ ತಿಳಿ) ಇರುತ್ತದೆ. ‘ಮೀನಿನ ದಾಶಿಯೂ ಆಗದು, ಕೊಂಬು ಎಂಬ ಕಡಲಪಾಚಿಯ ದಾಶಿ ಆಗುತ್ತದೆ’ ಎಂದು ಒಂದು ವಾರ ಮೊದಲೇ ಬರೆದು ತಿಳಿಸು. ಮೇಜಿನ ಮುಂದೆ ಕೂತು ಹೇಳಿದರೆ ಕರೆದವರಿಗೆ ಮುಖಭಂಗ. ಕುಡಿಯದಿದ್ದರೆ ಊಲಾಂಗ್ ಟೀ ಹಿಡಿದೇ ‘ಕಾಂಪಾಯ್’ (ಚಿಯರ್ಸ್) ಎನ್ನಬಹುದು. ನಿನ್ನ ಲೋಟಕ್ಕೆ ನೀನೇ ಸುರಿದುಕೊಳ್ಳಬೇಡ, ಪಕ್ಕದವರಿಗೆ ಸುರಿ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚುವುದು ಸತ್ತವರಿಗೆ ಇಡುವ ಎಡೆಯ ರೀತಿ.

ಉಡುಗೊರೆ ಒಯ್ಯುವ ಮುಂಚೆ ಅವರ ಕಂಪನಿಯ ನಿಯಮ ಅಡ್ಡ ಬರುತ್ತದೆಯೇ ಕೇಳಿಕೋ. ತುಪ್ಪ ಒಸರುವ ಮೈಸೂರು ಪಾಕ್ ಹಂಚಲು ಕಷ್ಟ. ಚನ್ನಪಟ್ಟಣದ ಅರಗಿನ ಆಟಿಕೆ ಒಳ್ಳೆಯದು, ನಿನಗೆ ದಾರಿಯಲ್ಲೇ ಸಿಗುತ್ತದೆ. ನಾಲ್ಕು, ಒಂಬತ್ತರ ಲೆಕ್ಕ ಬೇಡ: ನಾಲ್ಕರ ಉಚ್ಚಾರ ‘ಶಿ’ ಎಂದರೆ ಸಾವೂ ಹೌದು, ಒಂಬತ್ತರ ‘ಕು’ ಎಂದರೆ ಯಾತನೆಯೂ ಹೌದು. ಚೀಲದಿಂದ ಹೊರತೆಗೆದು ಕೊಡು. ನಿನ್ನೆದುರು ಬಿಚ್ಚಲಿಲ್ಲವೆಂದು ಬೇಸರಿಸಬೇಡ.

ಮೀಟಿಂಗ್ ಮುಗಿದ ದಿನವೇ ಕೃತಜ್ಞತೆಯ ಮೇಲ್ ಹೋಗಬೇಕು. ಒಪ್ಪಿದ್ದು ಏನು, ಯಾರು ಮಾಡಬೇಕು, ಯಾವ ತಾರೀಕಿಗೆ ಎಂಬುದು ಅದರಲ್ಲಿರಲಿ. ಕಾರ್ಡಿನ ಕರಡು ಪ್ರೆಸ್ಸಿಗೆ ಹೋಗುವ ಮುಂಚೆ ನನಗೆ ಕಳಿಸು, ಕಟಕಾನ ಸರಿಯಿದೆಯೇ ನೋಡಿ ಹೇಳುತ್ತೇನೆ.

ನಿನ್ನ,
ಸುರೇಶ